ಅಸಲು, ಫಸಲು, ವಸೂಲು

ಮೊಬಲಗು ಎಂಬ ಶಬ್ದವನ್ನು ನಾನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ, ಲೆಕ್ಕ ಇಟ್ಟವರಿಲ್ಲ. ಗದಗಿನಲ್ಲಿ ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಖರೀದಿ ಪತ್ರ, ವಾಟ್ನಿ ಅಂದರೆ ಪಾಲು ಪತ್ರ, ಬಕ್ಷೀಸು ಪತ್ರ, ಹಕ್ಕುಬಿಡುಗಡೆ ಪತ್ರ ಬರೆದುಕೊಡುವುದು ಕಸುಬು. ನಮ್ಮಪ್ಪ ಹಳೇ ಕಾಲದ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು. ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಹಳೇ ಕಾಗದಗಳನ್ನು ಓದಿ ಹೇಳುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ನಾನು ಟೈಪ್‌ರೈಟರ್ ಮುಂದೆ ಕೂತೆ. ಅವರು ಹೇಳುವುದು, ನಾನು ಬಡಿಯುವುದು: "ಸದರೀ ಮಿಳಕತ್ತು ನಮ್ಮ ಕಬ್ಜೆಯಲ್ಲಿದ್ದು... ಮೊಬಲಗು ರೂಪಾಯಿ ಪೂರಾ ಮುಟ್ಟಿದ್ದು... ಯಾರದೂ ತಕರಾರು ಇರುವುದಿಲ್ಲ... ತಪಶೀಲು ಈ ಕೆಳಗಿನಂತೆ." ಮೊಬಲಗು ಅಂದ್ರ ಏನಪ್ಪಾ ಎಂದು ಒಮ್ಮೆ ಕೇಳಿದ್ದೆ. "ರೊಕ್ಕ," ಅಂದರು. ಹಂಗಾದ್ರ ರೊಕ್ಕ ಅಂತಲೇ ಬರೀಬಾರದ? "ಪತ್ರಕ್ಕ ತೂಕ ಬರಂಗಿಲ್ಲ." ಅಲ್ಲಿಗೆ ಮುಗಿಯಿತು.

ನನ್ನ ಮಗಳು ನರ್ಸ್. ಹೋದ ವರ್ಷ ಕುವೈತಿಗೆ ಕೆಲಸಕ್ಕೆ ಹೋದಳು. ಹೋಗುವ ಮುಂಚೆ ಯಾರೋ ಕೊಟ್ಟ ಒಂದು ಪಟ್ಟಿ ಹಿಡಿದುಕೊಂಡು ಅರಬ್ಬಿ ಬಾಯಿಪಾಠ ಮಾಡುತ್ತಿದ್ದಳು: ನೀರು, ನೋವು, ಜ್ವರ, ಉಸಿರು ತಗೊಳ್ರಿ, ಕೂಡ್ರಿ. ಇವತ್ತು ಹತ್ತು ಕಲಿತರೆ ನಾಳೆಗೆ ಮೂರು ಉಳಿಯುತ್ತಿದ್ದವು. ಹೋದ ಮೇಲೆ ದಿನಾ ರಾತ್ರಿ ಫೋನಿನಲ್ಲಿ ಅದೇ ಗೋಳು. ಒಂದು ದಿನ ಆಸ್ಪತ್ರೆಯ ಬೋರ್ಡಿನ ಫೋಟೋ ಕಳಿಸಿದಳು.

"ಅವ್ವಾ, ಇಲ್ಲೆ ಸಿಹ್ಹಾ ಅಂತ ಬರದಾರ. ಸಿಹ್ಹಾ ಅಂದ್ರ ಆರೋಗ್ಯ. ಸರಿ ಅನ್ನಾಕ ಸಹೀಹ್ ಅಂತಾರ. ಎರಡೂ ಕಲಸಿ ಹೋಗ್ತಾವ."

ಸಹೀಹ್. ಎದುರಿಗೆ ಒಂದು ಪತ್ರದ ಕರಡು ಬಿದ್ದಿತ್ತು, ಅದರ ತುದಿಗೆ ನಾನೇ ಟೈಪ್ ಮಾಡಿದ್ದು: "ಬರೆದುಕೊಟ್ಟವರ ಸಹಿ". ಅಯ್ಯ, ಇದು ನಮ್ಮ ಸಹಿ ಅಲ್ಲೇನು? ಸರಿ ಐತಿ ಅಂತ ಒಪ್ಪಿ ಹಾಕುವುದೇ ಸಹಿ. ದೇಹ ಸರಿ ಇದ್ದರೆ ಸಿಹ್ಹಾ. ಆಕೆಗೆ ಹೇಳಿದೆ. ಆ ಎರಡು ಶಬ್ದ ಆಕೆ ಮತ್ತೆ ಮರೆಯಲಿಲ್ಲ. ನನಗಂತೂ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹುಚ್ಚು ಹತ್ತಲು ಪುರುಸೊತ್ತೂ ಇತ್ತು ಅನ್ನಿ. 2023ರಲ್ಲಿ ನೋಂದಣಿಗೆ ಕಾವೇರಿ 2 ತಂತ್ರಾಂಶ ಬಂದ ಮೇಲೆ ಬಹಳಷ್ಟು ಕೆಲಸ ಆನ್‌ಲೈನ್ ಆಗಿದೆ. ಮಧ್ಯಾಹ್ನದ ಹೊತ್ತು ಅಂಗಡಿ ಖಾಲಿ. ಅಂದಹಾಗೆ ಖಾಲಿಯೂ ಅರಬ್ಬಿಯೇ.

ನಮ್ಮ ಓಣಿಯ ಮಸೀದಿಯಲ್ಲಿ ಮುಂಜಾನೆ ಹುಡುಗರಿಗೆ ಓದಿಸುವ ಹಿರಿಯರೊಬ್ಬರಿದ್ದಾರೆ. ಓಣಿಯೆಲ್ಲ ಅವರನ್ನು ಹಜರತ್ ಅನ್ನುತ್ತದೆ. ತಮ್ಮ ಮಗಳಿಗೆ ಮನೆಯ ಒಂದು ಭಾಗ ದಾನ ಕೊಡುವ ವಿಷಯ ಮಾತಾಡಲು ಅಂಗಡಿಗೆ ಬಂದಿದ್ದರು. ಚಹಾ ತರಿಸಿ, ನನ್ನ ಸಹಿ-ಸಿಹ್ಹಾ ಶೋಧವನ್ನು ಅವರ ಮುಂದಿಟ್ಟೆ. ನಕ್ಕರು.

"ಅಕ್ಕಾರ, ಅರಬ್ಬಿ ಶಬ್ದಾನ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದ್ರ ಸಂಜೀಕ ಉದುರಿ ಹೋಗ್ತಾವ. ಮೊದ್ಲ ಮಾದ್ದಾ ಹಿಡೀರಿ."

ಮಾದ್ದಾ ಅಂದರೆ ಬೇರು. ಹೆಚ್ಚಿನ ಶಬ್ದಗಳಿಗೆ ಮೂರು ವ್ಯಂಜನ. ಆ ಮೂರರಲ್ಲಿ ಒಂದು ಅರ್ಥದ ಬೀಜ ಇರುತ್ತದೆ. ಸ್ವರಗಳನ್ನು ಬದಲಿಸಿ, ಮುಂದೊಂದು ಮ, ತ ಸೇರಿಸಿ ಮನೆತನ ಬೆಳೆಸುತ್ತಾರೆ. ನಮ್ಮ ಕನ್ನಡದಲ್ಲಿ ಬೇರಿಗೆ ಹಿಂದಿನಿಂದ ಬಾಲ ಹಚ್ಚುತ್ತೇವೆ: ನಡೆ, ನಡಿಗೆ, ನಡತೆ, ನಡಾವಳಿ. ಅರಬ್ಬಿಯದು ಬೇರೆ ನಮೂನೆ. ಬೆಟಗೇರಿಯ ಮಗ್ಗ ನೋಡಿದವರಿಗೆ ಹೇಳುವುದು ಸುಲಭ: ಮೂರು ವ್ಯಂಜನ ಹಾಸು, ಸ್ವರ ಹೊಕ್ಕು. ಹಾಸು ಅದೇ, ಹೊಕ್ಕು ಬದಲಾದಂತೆ ಸೀರೆ ಬೇರೆ.

ಹಜರತ್ ನನ್ನ ಮೇಜಿನ ಮೇಲಿದ್ದ ಕಾಗದದಿಂದಲೇ ಉದಾಹರಣೆ ಎತ್ತಿದರು. ಹಾ, ದಾದ್, ರಾ: ಎದುರಿಗೆ ಇರುವುದು ಎಂಬ ಅರ್ಥದ ಬೇರು. ಹಾದಿರ್ ಎಂದರೆ ಎದುರಿಗಿರುವವನು. ದಾದ್ ಅಕ್ಷರ ಪಾರಸಿಯವರ ಬಾಯಲ್ಲಿ ಮೆತ್ತಗಾಗಿ ನಮ್ಮಲ್ಲಿಗೆ ಬರುವಾಗ ಜ ಆಯಿತು, ಹಾಜರು. ದೊಡ್ಡವರ ಸನ್ನಿಧಿ ಹುಜೂರು. ನಾಲ್ಕು ಜನರ ಎದುರಿಗೆ ಮಾಡಿದ ದಾಖಲೆ ಮಹಜರು. "ಮತ್ತ ನಾನು," ಎಂದು ಎದೆ ಮುಟ್ಟಿಕೊಂಡರು, "ಹಜರತ್. ನಾನೂ ಅದ ಮನಿತನದಾಂವ." ಪೊಲೀಸರು ಸ್ಥಳ ಮಹಜರು ಮಾಡಿದರು ಎಂದು ಪೇಪರಿನಲ್ಲಿ ಓದುವಾಗ ಹಾಜರಿ ಪುಸ್ತಕ ನೆನಪಾದದ್ದು ನನಗೆ ಅದೇ ಮೊದಲು.

ಆಮೇಲೆ ಅವರು ಎರಡು ಅಚ್ಚು ತೋರಿಸಿದರು. ಅರಬ್ಬಿ ವ್ಯಾಕರಣದವರು ಮಾಡು ಎಂಬ ಅರ್ಥದ ಫಾ, ಅಯಿನ್, ಲಾಮ್ ಅಕ್ಷರಗಳನ್ನೇ ಮಾದರಿಗೆ ಇಟ್ಟುಕೊಳ್ಳುತ್ತಾರೆ. ಫಾಇಲ್ ಎಂದರೆ ಮಾಡುವವನು, ಮಫ್ಊಲ್ ಎಂದರೆ ಮಾಡಿಸಿಕೊಂಡದ್ದು. ಫಾಇಲ್ ಅಚ್ಚಿನಲ್ಲಿ ನಮ್ಮ ಮಾಲಿಕ, ವಾರಸ, ಜಾಮೀನು, ಹಾಜರು, ದಾಖಲು. ಮಫ್ಊಲ್ ಅಚ್ಚಿನಲ್ಲಿ ಮಂಜೂರು, ಮಜಕೂರು, ಮಹಸೂಲು, ಮಾಮೂಲು, ಮಜಬೂತು. ಬರೆದು ನೋಡಿದರೆ ಒಂದೇ ಹೊಲದ ಸಾಲಿನಂತೆ ನಿಂತಿವೆ. ಇಷ್ಟು ವರ್ಷ ಕಣ್ಣಿಗೆ ಬೀಳಲೇ ಇಲ್ಲವಲ್ಲ.

ಇವೆಲ್ಲ ನೇರವಾಗಿ ಅರಬರಿಂದ ಬಂದವಲ್ಲ. ವಿಜಾಪುರದ ಆದಿಲಶಾಹಿ 1686ರಲ್ಲಿ ಮುಗಿಯುವವರೆಗೆ ಈ ಸೀಮೆಯ ದಫ್ತರಿಗೆ ಪಾರಸಿಯ ಗಾಳಿ ಬೀಸುತ್ತಿತ್ತು, ಮಗ್ಗುಲಿನಲ್ಲಿ ಸವಣೂರಿನ ನವಾಬರಿದ್ದರು, ಪೇಶ್ವೆಯವರ ಮರಾಠಿ ಬಂತು, ಮುಂಬೈ ಸರ್ಕಾರ ಅದೇ ಶಬ್ದಗಳನ್ನು ಉಳಿಸಿಕೊಂಡಿತು. ಹಾದಿಯಲ್ಲಿ ಸವೆದು, ಮುರಿದು, ಕೆಲವು ಅರ್ಥ ಕಳೆದುಕೊಂಡು ನಮ್ಮ ಸ್ಟಾಂಪ್ ಪೇಪರಿಗೆ ಇಳಿದವು.

ಒಂದು ಹಳೇ ಉದ್ದನೆಯ ರಜಿಸ್ಟರ್ ಉಳಿದಿತ್ತು. ಒಂದು ಬೇರಿಗೆ ಒಂದು ಪುಟ ಎಂದು ಶುರು ಮಾಡಿದೆ. ಹುಡುಗರು ಮೊದಲು ಓದುವ ಕಾಯದಾ ಪುಸ್ತಕವನ್ನು ಹಜರತ್ ತಂದುಕೊಟ್ಟರು, ಅದರಲ್ಲಿ 28 ಅಕ್ಷರ ಕಲಿತೆ. (ಕಾಯದಾ, ಕಾಯಿದೆ ಒಂದೇ ಶಬ್ದ. ಕೂಡ್ರು ಎಂಬ ಬೇರಿನಿಂದ ಹುಟ್ಟಿದ್ದು, ತಳಪಾಯ ಎಂದರ್ಥ.) ಪುಟದ ತಲೆಗೆ ಮೂರು ಅಕ್ಷರ, ಕೆಳಗೆ ಕೊಂಬೆ. ವಾಟ್ನಿ ಪತ್ರ ಬರೆಯುವವಳಿಗೆ ವಂಶಾವಳಿ ಹೊಸದಲ್ಲ. ಮೂಲ ಪುರುಷ ಮೇಲೆ, ಮಕ್ಕಳು ಕೆಳಗೆ, ಮೈತರಾದವರಿಗೆ, ಅಂದರೆ ತೀರಿಕೊಂಡವರಿಗೆ, ಒಂದು ಗುರುತು. ಇಲ್ಲಿ ಕನ್ನಡದಲ್ಲಿ ಬದುಕಿರುವ ಶಬ್ದಕ್ಕೆ ನೀಲಿ ಶಾಯಿ, ಮಗಳು ಕುವೈತಿನಿಂದ ಕಳಿಸಿದ್ದಕ್ಕೆ ಕೆಂಪು.

ಮೀಮ್, ಲಾಮ್, ಕಾಫ್ ಪುಟದಲ್ಲಿ ಮಾಲಿಕ ಮತ್ತು ಮಿಳಕತ್ತು (ಆಸ್ತಿ) ಅಣ್ಣತಮ್ಮಂದಿರಾಗಿ ಕೂತರು. ಮೂರನೆಯದಾಗಿ ಮುಲ್ಕಿ. ಮುಲ್ಕ್ ಎಂದರೆ ರಾಜ್ಯ, ನಾಡು. ಅಪ್ಪನ ಮುಲ್ಕಿ ಪರೀಕ್ಷೆಗೂ ಅವರು ಬರೆದ ಮಿಳಕತ್ತುಗಳಿಗೂ ಸಂಬಂಧ ಇತ್ತು ಎಂದು ಅವರಿಗೆ ಹೇಳುವಂತಿಲ್ಲ ಈಗ.

ಅಯಿನ್, ಲಾಮ್, ಕಾಫ್ ಪುಟ (ಈ ಕಾಫ್ ಗಂಟಲಿನ ಆಳದ್ದು, ಅಕ್ಷರವೇ ಬೇರೆ) ಇನ್ನೂ ಮಜಾ. ತೂಗುಹಾಕು, ಅಂಟಿಕೊಳ್ಳು ಎಂಬ ಬೇರು. ಅಂಟಿಕೊಂಡಿರುವ ಪ್ರದೇಶ ತಾಲೂಕು. ಸಂಬಂಧ ಎಂಬ ಅರ್ಥದ ಶಬ್ದ ನಮ್ಮ ಇಲಾಖೆ. ಇದೇ ಬೇರಿನ ಅಲಕ್ ಎಂದರೆ ಜಿಗಣೆ! ಹಜರತ್ ಇದನ್ನು ಹೇಳಿದಾಗ ಅಂಗಡಿಯಲ್ಲಿ ಹೊಲದ ಉತಾರಕ್ಕಾಗಿ (ಪಹಣಿಗಾಗಿ) ಮೂರು ದಿನ ಓಡಾಡಿದ್ದ ರೈತನೊಬ್ಬ ಕೂತಿದ್ದ. "ಹೌದ್ರಿ ಮತ್ತ," ಅಂದ. ಜಿಲ್ಲೆಯೂ ಇಂಥದ್ದೇ, ಅದರ ಮೂಲ ಪಕ್ಕೆಲುಬು.

ಆದರೆ ಈ ರಜಿಸ್ಟರ್ ಬರೆಯುವಾಗ ನಾನು ಎಡವಿದ್ದು ಕಡಿಮೆ ಅಲ್ಲ. ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ವಾರಸದಾರ ಆಗುವುದಿಲ್ಲ ಎಂದು ದಿನಾ ಮಂದಿಗೆ ಹೇಳುವವಳು ನಾನು, ಅದೇ ತಪ್ಪು ಮಾಡಿದೆ. ನಮ್ಮ ಕಡೆ ಸಾಲದ ಮಾತಿಗೆ ಬೇಕಾದ ನಾಲ್ಕು ಶಬ್ದ ನೋಡಿ: ಅಸಲು, ಫಸಲು, ವಸೂಲು, ಮಹಸೂಲು. ಫಸಲು ಬಂದಾಗ ಅಸಲು ವಸೂಲು. ಕಿವಿಗೆ ಒಂದೇ ಮನೆಯ ಮಕ್ಕಳು. ನಾಲ್ಕನ್ನೂ ಒಂದೇ ಪುಟಕ್ಕೆ ಹಾಕಿ, ನಡುವೆ ಸೊಗಸಾದ ಗೆರೆ ಎಳೆದು, ಹಜರತ್‌ಗೆ ತೋರಿಸಿದೆ. ಪೆನ್ನು ತೆಗೆದುಕೊಂಡು ನಾಲ್ಕೂ ಗೆರೆ ಹೊಡೆದರು.

ನಾಲ್ಕರಲ್ಲೂ ಕೊನೆಯ ಎರಡು ಅಕ್ಷರ ಸಾದ್, ಲಾಮ್. ಮೊದಲನೆಯದು ಮಾತ್ರ ಬೇರೆಬೇರೆ. ಅಷ್ಟಕ್ಕೇ ನಾಲ್ಕು ಮನೆತನ. ಅಸಲು ಎಂದರೆ ಬೇರು, ಮೂಲ. ಅಂದರೆ ನಾನು ಹುಡುಕುತ್ತಿದ್ದ ವಸ್ತುವಿನ ಹೆಸರೇ ಅದು, ಬಡ್ಡಿ ಲೆಕ್ಕದ ಕಾಗದದಲ್ಲಿ ಅಡಗಿ ಕೂತಿತ್ತು. ವಸೂಲು ಎಂದರೆ ಬಂದು ತಲುಪುವುದು. ಕುವೈತಿನಲ್ಲಿ ಊಟ ತಂದುಕೊಡುವ ಬೈಕುಗಳ ಮೇಲೆ ತೌಸೀಲ್ ಎಂದು ಬರೆದಿರುತ್ತದೆ, ತಲುಪಿಸುವುದು. ರಸೀದಿಗೆ ಈಸಾಲ್. ಮೂರೂ ಒಂದೇ ಬೇರು. ಮಹಸೂಲಿನ ಬೇರು ಹಾ, ಸಾದ್, ಲಾಮ್, ಕೈಗೆ ಸಿಗುವುದು. ತಹಶೀಲ್ದಾರರೂ ಅದೇ ಮನೆಯವರು.

ಇನ್ನು ಫಸಲು. ಅದರ ಬೇರು ಬೇರ್ಪಡಿಸು. ಅರಬ್ಬಿಯಲ್ಲಿ ಫಸ್ಲ್ ಎಂದರೆ ಋತು, ಪುಸ್ತಕದ ಅಧ್ಯಾಯ, ಶಾಲೆಯ ತರಗತಿ. ಬೆಳೆ ಎಂಬ ಅರ್ಥ ಇತ್ತ ಕಡೆ ಬೆಳೆದದ್ದು. ಅಲ್ಲಿ ಬೆಳೆಗೆ ಮಹಸೂಲ್ ಅನ್ನುತ್ತಾರೆ! ನಮ್ಮ ಹೊಲದಲ್ಲಿ ನಿಂತದ್ದು ಫಸಲು, ಸರ್ಕಾರಕ್ಕೆ ಕಟ್ಟುವುದು ಮಹಸೂಲು. ಅವರ ಹೊಲದಲ್ಲಿ ನಿಂತದ್ದೇ ಮಹಸೂಲ್. ಇದೇ ಫಸಲಿನ ತಮ್ಮ ಫೈಸಲಾ, ಎರಡು ಕಡೆಯವರನ್ನು ಬೇರ್ಪಡಿಸುವ ತೀರ್ಪು. ಇನ್ನೊಬ್ಬ ತಪಶೀಲು, ಬಿಡಿಸಿ ಬಿಡಿಸಿ ಹೇಳಿದ್ದು. ಚಕ್ಕುಬಂದಿ ಬರೆಯುವ ಮುಂಚೆ ನಾನು ದಿನಾ ಹಾಕುವ ತಲೆಬರಹ ಅದು. ಮಗಳ ಮನೆ ಕೆಳಗಿನ ದರ್ಜಿಯ ಬೋರ್ಡಿನ ಮೇಲೂ ತಫ್ಸೀಲ್ ಎಂದಿದೆಯಂತೆ. ಅಳತೆಗೆ ಕತ್ತರಿಸಿ ಹೊಲಿಯುತ್ತೇವೆ ಎಂದು.

ಸಮಸ್ಯೆ ಎಲ್ಲಿದೆ ಎಂದರೆ, ಕನ್ನಡ ಕಿವಿ ಅರಬ್ಬಿ ಅಕ್ಷರಗಳನ್ನು ಒಂದೇ ಡಬ್ಬಿಗೆ ತುಂಬಿಬಿಟ್ಟಿದೆ. ಅವರ ಮೂರು ಅಕ್ಷರಗಳಿಗೆ ನಮ್ಮದು ಒಂದೇ ಸ: ಹಿಸಾಬಿನ ಸ ಬೇರೆ, ಫಸಲಿನ ಸ ಬೇರೆ, ವಾರಸದ ಸ ಬೇರೆ. ಜ ಕೇಳಬೇಡಿ. ಅವರ ಜೀಮ್ ಬಿಟ್ಟು ಇನ್ನೂ ನಾಲ್ಕು ಅಕ್ಷರ ನಮ್ಮಲ್ಲಿ ಜ ಆಗಿವೆ. ನಜರು ಎಂದರೆ ನೋಟ, ಮಂಜೂರು ಎಂದರೆ ನೋಡಲ್ಪಟ್ಟದ್ದು. ಅರ್ಜಿ ಸಾಹೇಬರ ನಜರಿಗೆ ಬಿದ್ದರೆ ತಾನೇ ಮಂಜೂರು! ಅದೇ ಹುಮ್ಮಸ್ಸಿನಲ್ಲಿ ನಜರಾಣೆಯನ್ನೂ ಸೇರಿಸಿದೆ, ನಜರಿಗೆ ಬೀಳಬೇಕಾದರೆ ನಜರಾಣೆ ಕೊಡಬೇಕಲ್ಲ ಎಂದು ವ್ಯಾಖ್ಯಾನ ಬೇರೆ. ಇಲ್ಲ. ನಜರಾಣೆಯದು ಹರಕೆ ಎಂಬ ಅರ್ಥದ ಬೇರು, ನಡುವಿನ ಅಕ್ಷರ ಝಾಲ್. ನಜರಿನದು ಝಾ. ಕಥೆ ಎಷ್ಟು ಚೆಂದ ಇದ್ದರೂ ಅಕ್ಷರ ಒಪ್ಪದಿದ್ದರೆ ಹೊಡೆದುಹಾಕಬೇಕು. ಈಗ ಹಜರತ್‌ಗೆ ತೋರಿಸದೆ ನಾನು ಗೆರೆ ಎಳೆಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮನೆತನ ಅಯಿನ್, ಮೀಮ್, ಲಾಮ್. ಅಮಲ್ ಎಂದರೆ ಕೆಲಸ. ಕೆಲಸಕ್ಕೆ ತರುವುದು ಅಮಲಿಗೆ ತರುವುದು. ಹಳಬರು ತಹಶೀಲ್ದಾರರನ್ನು ಕರೆಯುತ್ತಿದ್ದುದು ಮಾಮಲೇದಾರ, ಮುಆಮಲಾ ಅಂದರೆ ವ್ಯವಹಾರ ನೋಡುವವನು. ಹಲವು ಸಲ ಮಾಡಿ ಮಾಡಿ ರೂಢಿಯಾದದ್ದು ಮಾಮೂಲು. ಆ ರೂಢಿ ಲಕೋಟೆಯಲ್ಲಿ ಬರುವ ಅರ್ಥ ಹೇಗೆ ಪಡೆಯಿತು ಎಂದು ವಿವರಿಸುವುದು ಬೇಡ. ಕುಡಿದವನಿಗೆ ಏರುವುದೂ ಅಮಲೇ. ಮಗಳಿಗೆ ಈ ಪುಟ ಓದಿ ಹೇಳಿದರೆ, "ಅವ್ವಾ, ಇಲ್ಲೆ ಮಾಮೂಲ್ ಅಂದ್ರ ಖರ್ಜೂರದ ಬಿಸ್ಕೀಟು, ಹಬ್ಬಕ್ಕ ಮಾಡ್ತಾರ," ಅಂದಳು. ವೀಸಾ ಕಾಗದದ ಓಡಾಟಕ್ಕೆ ಈಗಲೂ ಮುಆಮಲಾ ಅನ್ನುತ್ತಾರಂತೆ.

ಆಕೆಗೆ ಇದರಿಂದ ಉಪಯೋಗ ಆಯಿತೋ ಇಲ್ಲವೋ ಎಂದರೆ, ಎಲ್ಲದಕ್ಕೂ ಆಗಲಿಲ್ಲ. ಅರ್ಧ ಎನ್ನಲು ನಿಸ್ಫ್ ಎಂದು ನಾನು ಕಲಿಸಿದೆ, ಎರಡೂ ಪಕ್ಷಕ್ಕೆ ಅರ್ಧರ್ಧ ತೂಗುವವನೇ ಮುನ್ಸೀಫ್ ಎಂದು ಭಾಷಣ ಮಾಡಿದೆ. ವಾರ್ಡಿನಲ್ಲಿ ಯಾರೂ ನಿಸ್ಫ್ ಅನ್ನುವುದೇ ಇಲ್ಲವಂತೆ, ಎಲ್ಲರದೂ ನುಸ್ಸ್. ಅರ್ಧ ಗುಳಿಗೆ ನುಸ್ಸ್ ಗುಳಿಗೆ. ಆದರೆ ಕೂಡ್ರು ಎನ್ನಲು ಪಟ್ಟಿಯಲ್ಲಿದ್ದದ್ದು ಉಕ್‌ಉದ್, ಅಲ್ಲಿನ ಮುದುಕಿಯರು ಹೇಳುವುದು ಇಗ್‌ಇದ್. ಮೊದಲು ಅದು ಬೇರೆಯೇ ಶಬ್ದ ಅಂದುಕೊಂಡಿದ್ದಳು. ಆ ಕಡೆಯ ಆಡುಮಾತಿನಲ್ಲಿ ಗಂಟಲ ಕಾಫ್ ಗ ಆಗುತ್ತದೆ. ಗ ತೆಗೆದು ಕ ಇಟ್ಟರೆ ಅದೇ ಕಾಯಿದೆಯ ಬೇರು. ಹೀಗೆ ಒಂದು ಕೀಲಿ ಸಿಕ್ಕ ಮೇಲೆ ಆಕೆಗೆ ಬಹಳ ಬೀಗ ತೆರೆದವು.

ಲ್ಯಾಬಿಗೆ ಮುಖ್ತಬರ್ ಅನ್ನುತ್ತಾರೆ. ಖಾ, ಬಾ, ರಾ. ನಾನು ಹೇಳುವ ಮುಂಚೆ ಆಕೆಯೇ ಹಿಡಿದಳು: "ಖಬರು! ಅವ್ವಾ, ನೀ ನನಗ ದಿನಾ ಬೈತಿದ್ದೆಲ್ಲ, ಖಬರಗೇಡಿ ಅಂತ." ರಕ್ತದ ಖಬರು ತಿಳಿಯುವ ಜಾಗ. ನಮ್ಮ ದವಾಖಾನಿಯ ದವಾ ಅಲ್ಲಿಯೂ ಔಷಧಿಯೇ, ಆದರೆ ಆಸ್ಪತ್ರೆಗೆ ಮುಸ್ತಶ್ಫಾ ಅನ್ನುತ್ತಾರೆ. ಇದನ್ನು ಬೇರಿನ ಪ್ರಕಾರ ಜೋಡಿಸಿದ ಅರಬ್ಬಿ ನಿಘಂಟಿನಲ್ಲಿ ಮ ಅಕ್ಷರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮುಸ್ತ ಎಂಬುದು ಅಚ್ಚು. ಬೇಡುವುದು, ಬಯಸುವುದು ಎಂಬ ಭಾವ ಅದರದು. ಅದನ್ನು ಬಿಚ್ಚಿದರೆ ಒಳಗೆ ಶಿಫಾ. ಗುಣ ಬಯಸಿ ಬರುವ ಜಾಗ. ರೋಗಿಗೆ ಮರೀದ್. ನಾವು ಮರೀಜ್ ಎಂದು ಕೇಳಿದ್ದು ಅದೇ ದಾದ್‌ನಿಂದ. ನರ್ಸಿಗೆ ಏನು ಗೊತ್ತೇ? ಮುಮರ್ರಿದಾ. ರೋಗಿಯದೇ ಬೇರು. ರಾತ್ರಿ ಪಾಳಿ ಮುಗಿಸಿ ಫೋನ್ ಮಾಡಿದಾಗ ಆಕೆಯ ದನಿ ಕೇಳಿದರೆ, ಆ ಬೇರು ಸುಳ್ಳಲ್ಲ ಅನಿಸುತ್ತದೆ.

ಹೋದ ವಾರ ಹಾಸ್ಟೆಲ್ ಬಿಟ್ಟು ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ ಹಿಡಿದಳು. ಕರಾರು ಪತ್ರದ ಫೋಟೋ ವಾಟ್ಸಾಪಿಗೆ ಕಳಿಸಿ ಫೋನ್ ಮಾಡಿದಳು. ನಾನು ಕನ್ನಡಕ ಒರೆಸಿಕೊಂಡು, ಬಲಗಡೆಯಿಂದ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದೆ. ತಲೆಬರಹ ಅಕ್ದ್ ಈಜಾರ್. ಈಜಾರ್ ನಮ್ಮ ಇಜಾರೆಯ ಮನೆತನ. ತಾರೀಖು ಇತ್ತು. ಮುದ್ದಾ ಎಂದು ಒಂದು ಸಾಲು, ನಮ್ಮ ಮುದ್ದತು. ಅದರ ಕೆಳಗೆ ಮೀಮ್, ಬಾ, ಲಾಮ್, ಘೈನ್.

ಮಬ್ಲಘ್.

ತಲುಪು ಎಂಬ ಬೇರಿನಿಂದ ಬಂದದ್ದು. ಲೆಕ್ಕ ಕೂಡಿಸುತ್ತ ಹೋದರೆ ಎಲ್ಲಿಗೆ ಹೋಗಿ ತಲುಪುತ್ತದೋ ಆ ಮೊತ್ತ. ಮೊಬಲಗು. ಅಪ್ಪನ ದನಿ ಕೇಳಿದಂತಾಯಿತು, ಪತ್ರಕ್ಕೆ ತೂಕ ಬರುವ ಶಬ್ದ.

"ಅವ್ವಾ, ಅದೆಲ್ಲ ಇರಲಿ, ಸಹಿ ಎಲ್ಲೆ ಮಾ‌ಡ್ಲಿ? ಎರಡು ಕಡೆ ಜಾಗ ಐತಿ."

ಸಹಿ ಎಂಬ ಶಬ್ದ ಹುಡುಕಿದೆ, ಇರಲಿಲ್ಲ. ಅವರು ಸಹಿಗೆ ತೌಕೀ ಅನ್ನುತ್ತಾರೆ, ನಮ್ಮ ಅರ್ಥದ ಸಹಿ ಅಲ್ಲಿ ನಡೆಯುವುದಿಲ್ಲ. ತೌಕೀ ಎರಡು ಕಡೆ ಇತ್ತು. ಒಂದರ ಮೇಲೆ ಮುಅಜ್ಜಿರ್, ಇನ್ನೊಂದರ ಮೇಲೆ ಮುಸ್ತಅಜಿರ್. ಬೇರು ಒಂದೇ, ಅಲಿಫ್, ಜೀಮ್, ರಾ. ಒಬ್ಬ ಕೊಡುವವನು, ಒಬ್ಬ ಬೇಡಿ ಪಡೆಯುವವನು. ನಮ್ಮಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಎಂದಂತೆ.

"ಮುಸ್ತ ಇದ್ದ ಕಡೆ ಮಾಡು, ಮುಸ್ತಶ್ಫಾದ ಮುಸ್ತ," ಅಂದೆ. "ತಡಿ, ಈಗಲೇ ಮಾಡಬ್ಯಾಡ. ಮೊಬಲಗು ಅಕ್ಷರದಾಗೂ ಬರದಾರೇನ್ ನೋಡು ಮೊದ್ಲ. ಬರೀ ಅಂಕಿ ಇದ್ರ ವಾಪಸ್ ಕೊಡು."